ಸದ್ದು ಮಾಡದ ತಿಂಡಿ

ಬೇಕರಿ ಮಾಸ್ಟರ್‌ಗೆ ತನ್ನ ಕೈಯ ಬಗ್ಗೆ ಇದ್ದಷ್ಟು ಹೆಮ್ಮೆ ಊರಿನ ಸಿರಿವಂತರಿಗೆ ತಮ್ಮ ಮನೆಗಳ ಬಗ್ಗೆಯೂ ಇದ್ದಿರಲಾರದು. ಕಲಸಿದ ಹಿಟ್ಟನ್ನು ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಅದಕ್ಕೆ ಇನ್ನೂ ನೀರು ಬೇಕೋ, ಇನ್ನೂ ಹೊತ್ತು ಬೇಕೋ ಹೇಳಿಬಿಡುತ್ತಿದ್ದ. ಒಲೆಯ ಬಾಗಿಲು ತೆಗೆಯದೆ ಬರೀ ವಾಸನೆಯಲ್ಲೇ ಬ್ರೆಡ್ ಬೆಂದದ್ದು ಅವನಿಗೆ ಗೊತ್ತಾಗುತ್ತಿತ್ತು. ಬೆಳಕು ಹರಿಯುವ ಮುಂಚೆ ಬೇಕರಿಯ ಹಿಂಬಾಗಿಲು ತೆಗೆದು ಕೆಲಸಕ್ಕಿಳಿದರೆ, ಬೀದಿಯವರು ಹಲ್ಲುಜ್ಜುವ ಹೊತ್ತಿಗೆ ಬ್ರೆಡ್ಡು, ಬನ್ನು, ರಸ್ಕು ಎಲ್ಲ ಗಾಜಿನ ಕಪಾಟು ಸೇರಿರುತ್ತಿದ್ದವು. ಆಮೇಲೆ ಶುರುವಾಗುತ್ತಿದ್ದದ್ದು ಅವನ ಮೆಚ್ಚಿನ ಕೆಲಸ, ಮದುವೆಯ ಮತ್ತು ಹುಟ್ಟುಹಬ್ಬದ ಕೇಕುಗಳು. ಅಂತಸ್ತಿನ ಮೇಲೆ ಅಂತಸ್ತು ಕೂರಿಸಿ, ಕ್ರೀಮಿನಲ್ಲಿ ಎಸಳೆಸಳಾಗಿ ಗುಲಾಬಿ ಅರಳಿಸುವಾಗ ಅವನನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಬೇಕರಿಯ ಯಜಮಾನ ಕೂಡ ಆ ಹೊತ್ತಿನಲ್ಲಿ ಒಳಗೆ ಬಂದರೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದ.

ಮಾಸ್ಟರ್‌ನ ಹೆಂಡತಿ ಬಸ್ ಓಡಿಸುತ್ತಿದ್ದಳು. ಮಾರ್ಕೆಟ್ಟಿನ ಇಕ್ಕಟ್ಟು ತಿರುವಿನಲ್ಲಿ ಅಷ್ಟುದ್ದದ ಬಸ್ಸನ್ನು ಹಿಂದೆಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗಿಸುವವಳು ಎಂದು ಡಿಪೋದಲ್ಲಿ ಹೆಸರು ಮಾಡಿದ್ದಳು. ಬೀದಿಯವರ ಬಾಯಲ್ಲಿ ಅವಳು ಡ್ರೈವರಮ್ಮ. ಅವಳ ಡ್ಯೂಟಿ ಎರಡು ತುಂಡು. ಬೆಳಗ್ಗೆ ಜನ ಕೆಲಸಕ್ಕೆ ಹೋಗುವಾಗ ಒಂದು, ಸಂಜೆ ಅವರು ಮನೆಗೆ ಮರಳುವಾಗ ಇನ್ನೊಂದು. ನಡುವಿನ ಬಿಡುವಿನಲ್ಲಿ ಮನೆಗೆ ಬಂದುಹೋಗಲು ಆಗದೆ ಡಿಪೋದ ಬೆಂಚಿನ ಮೇಲೆಯೇ ಕಾಲು ಚಾಚುತ್ತಿದ್ದಳು. ಗಂಡ ಹೆಂಡತಿ ಬಾಗಿಲಲ್ಲಿ ಎದುರಾದಾಗ ಆಡಿಕೊಂಡದ್ದೇ ಮಾತುಕತೆ.

"ಗ್ಯಾಸ್ ಮುಗೀತಾ ಬಂತು."

"ಹೇಳಿದೀನಿ, ಬರತ್ತೆ."

"ಇವಳ ಶೂ ಬಿಗಿಯಾಗ್ತಿದೆಯಂತೆ."

"ಭಾನುವಾರ ನೋಡೋಣ ಕಣೇ."

ಇವಳು ಎಂದರೆ ಅವರ ಒಬ್ಬಳೇ ಮಗಳು. ಹುಟ್ಟಿದ ದಿನ ಬಟ್ಟೆಯಲ್ಲಿ ಸುತ್ತಿದ್ದ ಕೂಸನ್ನು ಕೈಗೆ ಕೊಟ್ಟಾಗ ಮಾಸ್ಟರ್, "ಈಗ ತಾನೇ ಒಲೆಯಿಂದ ತೆಗೆದ ಬನ್ನಿನ ಹಾಗಿದೆ" ಎಂದಿದ್ದ. ಅಂದಿನಿಂದ ಅವಳು ಬನ್ನು. ಈಗ ಐದನೇ ಕ್ಲಾಸು. ಒಳ್ಳೆಯ ಎತ್ತರ, ನಗುಮುಖ, ಎದುರುತ್ತರ ಕೊಡದ ಮಗು. ಹೇಳಿದ್ದು ಕೇಳುತ್ತಾಳೆ, ತನ್ನ ಬಟ್ಟೆ ತಾನೇ ಮಡಚಿಡುತ್ತಾಳೆ, ತನ್ನ ಕೀಲಿಯಿಂದ ತಾನೇ ಬಾಗಿಲು ತೆಗೆದುಕೊಂಡು ಒಳಗೆ ಬರುತ್ತಾಳೆ. ಇಂಥ ಮಗಳಿರುವುದರಿಂದಲೇ ತಮ್ಮ ಸಂಸಾರ ನಡೆಯುತ್ತಿದೆ ಎಂದು ಗಂಡ ಹೆಂಡತಿ ಇಬ್ಬರೂ ನಂಬಿದ್ದರು.

ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ ಮಾಸ್ಟರ್‌ನ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಇರಲೇಬೇಕು. ಮೂಲೆ ಮುರಿದ ಪೇಸ್ಟ್ರಿ, ಅಂಕುಡೊಂಕಾದ ಬನ್ನು, ಕೇಕಿನ ತಲೆ ಸಮ ಮಾಡುವಾಗ ಕತ್ತರಿಸಿ ತೆಗೆದ ತುಂಡುಗಳು. ಅದನ್ನು ಊಟದ ಮೇಜಿನ ಮೇಲಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರೆ ಅವನು ಏಳುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತಿತ್ತು. ಎದ್ದು ಬಂದಾಗ ಡಬ್ಬಿ ಖಾಲಿಯಾಗಿದ್ದರೆ ಅವನ ಮನಸ್ಸು ತಣ್ಣಗಾಗುತ್ತಿತ್ತು. ಮಗು ಹಸಿದುಕೊಂಡಿಲ್ಲ. ದಿನವೆಲ್ಲ ಕಣ್ಣಿಗೆ ಬೀಳದ ಅಪ್ಪ ತನ್ನ ಪಾಲಿನದನ್ನು ಮಾಡಿದ್ದಾನೆ.

ಸ್ಕೂಲಿನಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಆದ ಮೇಲೆ ಬನ್ನುವಿಗೆ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಬರಹೇಳಿದರು. ಡ್ರೈವರಮ್ಮ ಯಾರನ್ನೋ ಬೇಡಿಕೊಂಡು ಬೆಳಗಿನ ಡ್ಯೂಟಿ ಬದಲಿಸಿಕೊಂಡಳು. ಮಾಸ್ಟರ್ ಮೊಣಕೈಗೆ ಅಂಟಿದ್ದ ಹಿಟ್ಟನ್ನೂ ಸರಿಯಾಗಿ ತೊಳೆಯದೆ ಬಂದ. ನಡುವೆ ಕೂತ ಬನ್ನು ಕಾಲಾಡಿಸುತ್ತ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದಳು. ಆಮೇಲೆ ನರ್ಸ್ ಬಂದು ಮತ್ತೊಮ್ಮೆ ಎತ್ತರ ಅಳೆಯಲೆಂದು ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಮೆತ್ತಗೆ ಮಾತಾಡುವವಳು, ಆದರೆ ಸುತ್ತಿಬಳಸಿ ಹೇಳುವವಳಲ್ಲ. "ಅವಳ ವಯಸ್ಸಿಗೆ, ಎತ್ತರಕ್ಕೆ ಈ ತೂಕ ತುಂಬಾ ಜಾಸ್ತಿ. ರಕ್ತದಲ್ಲಿ ಸಕ್ಕರೆ ಏರ್ತಿದೆ. ಲಿವರಲ್ಲೂ ಕೊಬ್ಬು ಸೇರ್ತಿದೆ. ಈಗ್ಲೇ ಗಮನ ಕೊಟ್ರೆ ಸರಿಹೋಗತ್ತೆ. ಹೀಗೇ ಬಿಟ್ರೆ ಇನ್ನು ಕೆಲವು ವರ್ಷದಲ್ಲಿ ದೊಡ್ಡೋರ ಕಾಯಿಲೆ ಅವಳಿಗೆ ಬರತ್ತೆ."

ಮಾಸ್ಟರ್ ಕುರ್ಚಿಯಲ್ಲಿ ನೆಟ್ಟಗಾದ. "ನಮ್ಮ ಮನೇಲಿ ಎಲ್ರೂ ಮೈಕೈ ತುಂಬಿಕೊಂಡಿರೋರೇ ಮೇಡಂ. ನಮ್ಮಮ್ಮನೂ ಹಾಗೇ ಇದ್ರು. ಬೆಳೆಯೋ ಮಗು, ತಿನ್ನೋ ತಟ್ಟೆ ಕಿತ್ಕೊಳ್ಳೋಕಾಗತ್ತಾ?"

"ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಸ್ಕೂಲಿಂದ ಬಂದ್ಮೇಲೆ ಅವಳು ಏನು ತಿಂತಾಳೆ, ಏನು ಮಾಡ್ತಾಳೆ? ಅದನ್ನ ಹೇಳಿ ಸಾಕು."

ಮಾಸ್ಟರ್ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಕೊನೆಗೆ ಡ್ರೈವರಮ್ಮನೇ, "ಟೀವಿ ನೋಡ್ತಾಳೆ ಅನ್ಸತ್ತೆ" ಎಂದಳು. ಅಂದವಳೇ ತಲೆ ತಗ್ಗಿಸಿದಳು. ಹೆತ್ತ ಮಗಳ ಸಂಜೆಯ ಬಗ್ಗೆ ಇಬ್ಬರಿಗೂ ಗೊತ್ತಿದ್ದದ್ದು ಆ 'ಅನ್ಸತ್ತೆ' ಅಷ್ಟೇ.

ಬನ್ನುವನ್ನು ಸ್ಕೂಲಿಗೆ ಬಿಟ್ಟು ಬರುವಾಗ ಬಸ್ ಸ್ಟಾಪಿನಲ್ಲಿ ಜಗಳವಾಯಿತು. ಅವಳು ಅವನ ಡಬ್ಬಿಯನ್ನು ದೂರಿದಳು, ಅವನು ಅವಳ ಸಂಜೆ ಡ್ಯೂಟಿಯನ್ನು ಎಳೆದು ತಂದ. ಬಸ್ ಬಂದಾಗ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಮರುದಿನದಿಂದ ಡಬ್ಬಿ ನಿಂತಿತು. ಮೇಜಿನ ಮೇಲೆ ಹೆಚ್ಚಿಟ್ಟ ಸೌತೆಕಾಯಿ ಬಂತು, ಹಣ್ಣು ಬಂತು. ಬನ್ನು ತಕರಾರು ಮಾಡಲಿಲ್ಲ. ಆದರೆ ಸಕ್ಕರೆ ಡಬ್ಬಿ ಬೇಗ ಬೇಗ ತಳ ಕಾಣತೊಡಗಿತು. ಹಾಸಿಗೆ ಕೊಡವುವಾಗ ದಿಂಬಿನ ಕೆಳಗಿನಿಂದ ಕಪ್ ಕೇಕಿನ ಖಾಲಿ ಕಾಗದಗಳು ಉದುರಿದಾಗ ಡ್ರೈವರಮ್ಮ ಮಗಳ ಮೇಲೆ ರೇಗಾಡಿದಳು. ಮಗಳು ಕಾಲ್ಬೆರಳು ನೋಡುತ್ತ ನಿಂತಿದ್ದಳು. ಆ ಸಂಜೆ ಮನೆಯಲ್ಲಿ ಮೂವರೂ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ ಬನ್ನುವಿನ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಕೇಕು ಬೇಕಾಯಿತು. ಮಾಸ್ಟರ್ ಅದನ್ನು ತನ್ನ ಕೈಯಾರೆ ಮಾಡಿ, ತಾನೇ ಹೊತ್ತುಕೊಂಡು ಹೋಗಿ ಹೆಡ್ಮಿಸ್‌ನ ಕೋಣೆಯಲ್ಲಿಟ್ಟ. ಎಲ್ಲರೂ ಹೊಗಳಿದರು. ಹಿಗ್ಗಿನಲ್ಲೇ ಹೊರಗೆ ಬಂದವನಿಗೆ ಮೈದಾನದಲ್ಲಿ ಐದನೇ ಕ್ಲಾಸಿನ ಆಟದ ಪೀರಿಯಡ್ ನಡೆಯುತ್ತಿರುವುದು ಕಂಡಿತು. ಮಗಳನ್ನು ಕಣ್ಣಲ್ಲಿ ಹುಡುಕಿದ. ಓಡುವವರಲ್ಲಿ ಇಲ್ಲ, ಬಾಲ್ ಎಸೆಯುವವರಲ್ಲಿ ಇಲ್ಲ.

ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಎಲ್ಲರ ಬ್ಯಾಗುಗಳು, ನೀರಿನ ಬಾಟಲಿಗಳು, ಮಡಿಲಲ್ಲಿ ಯಾರದ್ದೋ ಕನ್ನಡಕ.

"ಬನ್ನೂ, ನನ್ನ ಬಾಟ್ಲಿ" ಎಂದು ಒಬ್ಬ ಹುಡುಗ ಓಡಿಬಂದ. ಅವಳು ಹುಡುಕಿ ಕೊಟ್ಟಳು. ಅವನು ನೀರು ಕುಡಿದು, ಕೆನ್ನೆ ಉಬ್ಬಿಸಿ ಅವಳ ಮುಖದ ಅಣಕ ಮಾಡಿ ಓಡಿಹೋದ. ಅವಳೂ ನಕ್ಕಳು. ಅದು ಆ ಕ್ಷಣ ಹೊಳೆದ ನಗುವಲ್ಲ, ತಿಂಗಳುಗಟ್ಟಲೆ ಅಭ್ಯಾಸವಾದ ನಗು. ಅವನು ಮಗಳ ಕಣ್ಣಿಗೆ ಬೀಳದ ಹಾಗೆ ಗೋಡೆ ಬದಿಯಿಂದ ಹೊರಟುಬಿಟ್ಟ.

ಅಂದು ಮಧ್ಯಾಹ್ನ ಮಲಗಿದವನಿಗೆ ನಿದ್ದೆ ಬರಲಿಲ್ಲ. ಬೀಗ ತೆಗೆದದ್ದು ಕೇಳಿಸಿತು, ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಒಂದು ಮಗು ಒಳಗಿರುವ ಮನೆ ಎಂದು ಹೇಳುವ ಹಾಗೇ ಇರಲಿಲ್ಲ. ಎಷ್ಟು ಹೊತ್ತು ಕಿವಿಗೊಟ್ಟರೂ ಹೆಜ್ಜೆಯಿಲ್ಲ, ಹಾಡಿಲ್ಲ, ಕುರ್ಚಿ ಎಳೆದ ಸದ್ದಿಲ್ಲ. ಗಾಬರಿಯಾಗಿ ಎದ್ದು ಬಾಗಿಲು ತೆಗೆದ.

ಬನ್ನು ನೆಲದ ಮೇಲೆ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಟೀವಿಯಲ್ಲಿ ಬೊಂಬೆಗಳು ಕುಣಿಯುತ್ತಿದ್ದವು, ಧ್ವನಿ ಮಾತ್ರ ಪೂರ್ತಿ ಬಂದ್. ಕೈಯಲ್ಲಿ ಅಂಗಡಿಯ ಕಪ್ ಕೇಕು. ಅಪ್ಪನನ್ನು ಕಂಡವಳೇ ಅದನ್ನು ಬೆನ್ನ ಹಿಂದೆ ಮಾಡಿದಳು.

"ಎದ್ದುಬಿಟ್ಯಾ ಅಪ್ಪ? ನಾನು ಸದ್ದು ಮಾಡಿದ್ನಾ?"

"ಇಲ್ಲ ಮಗಳೇ." ಅವನು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. "ಟೀವಿ ಸೌಂಡು ಯಾಕೆ ಹಾಕ್ಕೊಂಡಿಲ್ಲ?"

"ನೀನು ಮಲಗಿರ್ತೀಯಲ್ಲ. ಅಪ್ಪ ಬೆಳಗ್ಗೆ ಬೇಗ ಏಳ್ಬೇಕು ಅಂತ ಅಮ್ಮ ಹೇಳಿದಾಳೆ. ಓಡಾಡಬೇಡ, ಸದ್ದು ಮಾಡಬೇಡ ಅಂತ."

"ಯಾವಾಗ ಹೇಳಿದ್ದು?"

"ಒಂದನೇ ಕ್ಲಾಸಲ್ಲಿ."

ಮಾಸ್ಟರ್ ಅವಳ ಬೆನ್ನ ಹಿಂದಿನ ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದ. "ಕೇಕು ಅಷ್ಟು ಇಷ್ಟಾನಾ?"

ಬನ್ನು ಯೋಚಿಸಿದಳು. "ಇಷ್ಟಾನೇ. ಆದ್ರೆ ಚಿಪ್ಸೂ ಇಷ್ಟ, ಕ್ಯಾರೆಟ್ಟೂ ಇಷ್ಟ. ಅವು ಕರಕರ ಅಂತಾವೆ. ಸೌತೆಕಾಯೀನೂ ಕರಕರ ಅನ್ನತ್ತೆ. ಕೇಕು ಸದ್ದು ಮಾಡಲ್ಲ."

ಮಗಳು ತಿಂದದ್ದನ್ನು ಮಾಸ್ಟರ್ ಆಸೆಬುರುಕತನವೆಂದುಕೊಂಡಿದ್ದ, ಹೆಂಡತಿ ಹಠವೆಂದುಕೊಂಡಿದ್ದಳು. ಮುಚ್ಚಿದ ಬಾಗಿಲ ಹಿಂದೆ ಅಪ್ಪ ಕಣ್ತುಂಬ ನಿದ್ದೆ ಮಾಡಲಿ ಎಂದು ಈ ಮಗು ವರ್ಷಗಳಿಂದ ಅಲುಗಾಡದೆ ಕೂತಿತ್ತು. ಅವನು ರಿಮೋಟು ತೆಗೆದುಕೊಂಡು ಟೀವಿಯ ಧ್ವನಿ ಏರಿಸಿದ. ಆಮೇಲೆ ಅಡುಗೆಮನೆಯಿಂದ ಎರಡು ಕ್ಯಾರೆಟ್ ತಂದು ಒಂದನ್ನು ಅವಳಿಗೆ ಕೊಟ್ಟು, ತನ್ನದನ್ನು ಬೇಕೆಂದೇ ಜೋರಾಗಿ ಕಚ್ಚಿದ. ಬನ್ನು ಮೊದಲು ಬಾಗಿಲ ಕಡೆ ನೋಡಿದಳು. ಒಳಗೆ ಮಲಗಿರುವವರು ಈಗ ಯಾರೂ ಇಲ್ಲವೆಂದು ಹೊಳೆದ ಮೇಲೆ ತಾನೂ ಕಚ್ಚಿದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿಗೆ ಅವನು ಬಾಗಿಲಲ್ಲೇ ಎಲ್ಲ ಹೇಳಿದ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಒಳ್ಳೆ ಮಗು, ಒಳ್ಳೆ ಮಗು ಅಂತ ಹೊಗಳಿ ಹೊಗಳಿ ಕೂರಿಸಿಬಿಟ್ವಿ ಕಣ್ರೀ" ಎಂದಳು. ಆಮೇಲೆ ಒಳಗೆ ಹೋಗಿ, ಮಲಗುವ ತಯಾರಿಯಲ್ಲಿದ್ದ ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಾಸ್ಟರ್ ಮರುದಿನವೇ ಯಜಮಾನನ ಮುಂದೆ ನಿಂತ. ಬ್ರೆಡ್ಡು ಬನ್ನಿನ ಕೆಲಸ ಮುಗಿಸಿ ಹೊರಟುಬಿಡುತ್ತೇನೆ, ಕೇಕಿನ ಕೆಲಸ ಇನ್ನು ನನ್ನದಲ್ಲ ಎಂದ.

ಯಜಮಾನ ಹೌಹಾರಿದ. "ನಿನ್ನ ಗುಲಾಬಿ ನೋಡೋಕೇ ಜನ ಬರೋದು ಮಾರಾಯ. ಕೇಕ್ ಬಿಟ್ರೆ ನೀನು ಬರೀ ಬ್ರೆಡ್ಡು ಮಾಡೋನಾಗ್ತೀಯ."

"ಆಗ್ತೀನಿ. ಗುಲಾಬಿ ಬೇರೆಯವರಿಗೆ ಕಲಿಸ್ಕೊಡ್ತೀನಿ."

ಹೇಳುವಷ್ಟು ಸುಲಭವಾಗಿರಲಿಲ್ಲ. ತನ್ನ ಮೇಜಿನ ಮುಂದೆ ಬೇರೊಬ್ಬ ನಿಂತು ವಕ್ರವಕ್ರವಾಗಿ ಎಸಳು ಬಿಡಿಸುವುದನ್ನು ನೋಡಿದಾಗ ಅವನ ಕೈ ಕಡಿಯಿತು. ಆದರೆ ಊಟದ ಹೊತ್ತಿಗೆ ಮನೆ ಸೇರಿ, ಒಂದು ನಿದ್ದೆ ತೆಗೆದು, ಮಗಳು ಬರುವ ಹೊತ್ತಿಗೆ ಮುಖ ತೊಳೆದು ಕೂತಿರುತ್ತಿದ್ದ. ಡ್ರೈವರಮ್ಮ ಡಿಪೋ ಮ್ಯಾನೇಜರನ ಬೆನ್ನು ಹತ್ತಿ, ಬೆಳಗಿನಿಂದ ಮಧ್ಯಾಹ್ನದವರೆಗಿನ ಒಂದೇ ತುಂಡು ಡ್ಯೂಟಿ ಗಿಟ್ಟಿಸಿಕೊಳ್ಳಲು ಇನ್ನೂ ಸಮಯ ಹಿಡಿಯಿತು. ಅಷ್ಟರವರೆಗೆ ಸಂಜೆಯ ಅಡುಗೆ ಅಪ್ಪ ಮಗಳದ್ದೇ. ಬನ್ನು ತರಕಾರಿ ಹೆಚ್ಚುವಳು, ಅವನು ಒಗ್ಗರಣೆ ಹಾಕುವನು. ಕೇಕಿಗೆ ಪೂರ್ತಿ ಬೀಗ ಹಾಕಲಿಲ್ಲ. ಭಾನುವಾರ ಮೂವರೂ ಕೂತು ಒಂದೊಂದು ತುಂಡು ತಿನ್ನುತ್ತಿದ್ದರು, ಬಚ್ಚಿಟ್ಟುಕೊಳ್ಳದೆ, ಹರಟುತ್ತ.

ಒಂದು ದಿನ ಬನ್ನು ಸೌತೆಕಾಯಿ ಹೆಚ್ಚುತ್ತ ಕೇಳಿದಳು. "ಅಪ್ಪ, ನೀನು ಯಾಕೆ ನನ್ನ ಬನ್ನು ಅಂತ ಕರೀತಾನೇ ಇಲ್ಲ?"

ಅವನು ತಡವರಿಸಿದ. "ಸ್ಕೂಲಲ್ಲಿ ಆ ಹೆಸರಿಟ್ಟು ಆಡ್ಕೊಳ್ತಾರೇನೋ ಅಂತ…"

"ಆಡ್ಕೊಳ್ತಾರೆ. ಅದು ಅವರ ಬನ್ನು. ನಿನ್ನ ಬನ್ನು ಬೇರೆ ಅಲ್ವಾ?"

ಮಾಸ್ಟರ್‌ಗೆ ಈರುಳ್ಳಿ ಹೆಚ್ಚದೆಯೇ ಕಣ್ಣು ಉರಿಯಿತು.

ಮನೆಯಲ್ಲಿ ಸದ್ದು ಹೆಚ್ಚಿತು. ಬನ್ನು ಹಗ್ಗ ಹಾರುವುದನ್ನು ಹಿಡಿದಳು. ಮೊದಮೊದಲು ಎರಡು ಸಲ ಹಾರಿದರೆ ಮೂರನೆಯದಕ್ಕೆ ಹಗ್ಗ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು, ಮುಖ ಕೆಂಪಗಾಗಿ ಏದುಸಿರು ಬಿಡುತ್ತ ಕೂತುಬಿಡುತ್ತಿದ್ದಳು. ಮಾಸ್ಟರ್ ತಾನೂ ಹಾರಿ ತೋರಿಸಲು ಹೋಗಿ ಮೇಜಿನ ಮೇಲಿನ ಹೂಜಿ ಒಡೆದ. ಒಂದು ಸಂಜೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಕೆಳಮನೆಯ ತಾತ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನಿವೃತ್ತ ಗುಮಾಸ್ತ.

"ಏನ್ರೀ ಇದು, ನನ್ನ ತಲೆ ಮೇಲೆ ಆನೆ ಸಾಕಿದೀರಾ?"

ಮಾಸ್ಟರ್‌ನ ರಕ್ತ ಕುದಿಯಿತು. ಬಾಯಿ ತೆರೆಯುವಷ್ಟರಲ್ಲಿ ಅವನ ಕಂಕುಳ ಕೆಳಗಿನಿಂದ ಬನ್ನು ಮುಂದೆ ಬಂದಳು.

"ಆನೆ ಅಲ್ಲ ತಾತ, ನಾನು. ಹಗ್ಗ ಹಾರೋದು ಕಲೀತಿದೀನಿ. ನೀವು ಯಾವ ಹೊತ್ತಲ್ಲಿ ಮಲಗ್ತೀರ ಅಂತ ಹೇಳಿ, ಆಗ ಹಾರಲ್ಲ. ಆದ್ರೆ ಹಾರೋದು ಮಾತ್ರ ಬಿಡಲ್ಲ."

ತಾತ ಅವಳನ್ನು ಮೇಲಿಂದ ಕೆಳಗೆ ನೋಡಿದ. ಬೆವರಿಗೆ ಹಣೆಗಂಟಿದ ಕೂದಲು, ಕೈಯಲ್ಲಿ ಹಗ್ಗ, ನೇರ ನೋಟ. ಅವನ ಸಿಟ್ಟು ಇಳಿಯುವ ದಾರಿ ಹುಡುಕಿತು. "ಮನೆಯೊಳಗೆ ಯಾಕೆ ಹಾರ್ತೀಯ ಮತ್ತೆ? ಹಿಂದುಗಡೆ ನನ್ನ ಹಳೇ ಸಾಮಾನು ಬಿದ್ದಿರೋ ಜಾಗ ಇದೆ. ನಿಮ್ಮಪ್ಪನಿಗೆ ಹೇಳು, ಎತ್ತಿ ಬದಿಗಿಡಲಿ."

ಬಾಗಿಲು ಹಾಕಿದ ಮೇಲೆ ಮಾಸ್ಟರ್ ಮಗಳನ್ನು ನೋಡಿದ ನೋಟವೇ ಬೇರೆ. ಬಾಯಿಯೇ ಇಲ್ಲದ ಮಗು ಎಂದುಕೊಂಡಿದ್ದವಳಿಗೆ ಇಷ್ಟು ಮಾತು ಎಲ್ಲಿಂದ ಬಂತು. ಹೆಂಡತಿ ಮನೆಗೆ ಬರುತ್ತಲೇ, "ಇವತ್ತು ನಮ್ಮ ಮೇಲೆ ದೂರು ಬಂತು ಕಣೇ" ಎಂದು ಪದಕ ಸಿಕ್ಕವನ ಹಾಗೆ ಹೇಳಿದ.

ಭಾನುವಾರ ಹಿಂದುಗಡೆ ಜಾಗ ಖಾಲಿಯಾಯಿತು. ಮಾಸ್ಟರ್ ಬೇಕರಿಯಿಂದ ಒಂದು ದೊಡ್ಡ ಕೇಕಿನ ಅಚ್ಚು ತಂದ. ಮದುವೆ ಕೇಕಿನ ಕೆಳ ಅಂತಸ್ತಿಗೆ ಬಳಸುವ, ತಳವಿಲ್ಲದ ಬರೀ ಬಳೆಯಂಥ ಅಚ್ಚು. ಅದನ್ನು ಗೋಡೆಗೆ ಎತ್ತರದಲ್ಲಿ ಬಿಗಿದ ಮೇಲೆ ಬಾಸ್ಕೆಟ್‌ಬಾಲ್ ಆಡಲು ಲಾಯಕ್ಕಾಯಿತು. ಡ್ರೈವರಮ್ಮ ಹೊಸ ಡ್ಯೂಟಿಗೆ ಬಂದ ಮೇಲೆ ಸೆರಗು ಸಿಕ್ಕಿಸಿ ತಾನೂ ಇಳಿದಳು. ಸ್ಟೀರಿಂಗ್ ತಿರುಗಿಸಿ ಪಳಗಿದ ಅವಳ ತೋಳಿಗೆ ಬಾಲ್ ಚೆನ್ನಾಗಿ ಒಗ್ಗಿತು. ಬಸ್ಸಿನ ಸೀಟಿನಲ್ಲಿ ಜಡ್ಡುಗಟ್ಟಿದ್ದ ಸೊಂಟಕ್ಕೆ ಮಾತ್ರ ಒಂದು ವಾರ ಎಣ್ಣೆ ತಿಕ್ಕಬೇಕಾಯಿತು.

ಇದಾದ ಮೇಲೆ ಬನ್ನು ಮಾಡಿದ ಕೆಲಸವನ್ನು ಅಪ್ಪ ಅಮ್ಮ ಹೇಳಿಕೊಟ್ಟಿರಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಎಂದಿನಂತೆ ಎಲ್ಲರೂ ಅವಳ ಮುಂದೆ ಬ್ಯಾಗು ಎಸೆದಾಗ ಅವಳು ಎದ್ದು ನಿಂತು ಪಿ.ಟಿ. ಮಿಸ್ ಹತ್ತಿರ ಹೋದಳಂತೆ. "ಮಿಸ್, ಇನ್ಮೇಲೆ ಬ್ಯಾಗು ಅವರವರೇ ನೋಡ್ಕೊಳ್ಳಲಿ. ನಾನೂ ಆಡ್ತೀನಿ" ಎಂದಳಂತೆ. ಮೊದಲ ದಿನ ಯಾರೂ ಅವಳಿಗೆ ಬಾಲ್ ಕೊಡಲಿಲ್ಲ. ಎರಡನೇ ದಿನ ಎರಡು ಸುತ್ತು ಓಡುವುದರಲ್ಲಿ ವಾಂತಿ ಬರುವ ಹಾಗಾಯಿತು. ಮನೆಗೆ ಬಂದು ಅತ್ತಳು, ಅತ್ತು ಮುಗಿಸಿ ಹಿಂದುಗಡೆಗೆ ಹೋಗಿ ಅಚ್ಚಿನೊಳಗೆ ಬಾಲ್ ಹಾಕತೊಡಗಿದಳು. ಪಿ.ಟಿ. ಮಿಸ್ ಕೊನೆಗೆ ಅವಳನ್ನು ಬಾಸ್ಕೆಟ್ಟಿನ ಕೆಳಗೆ ನಿಲ್ಲಿಸಿ ನೋಡಿದಳು. ಎದುರು ಪಕ್ಷದವರು ಎಷ್ಟು ನುಗ್ಗಿದರೂ ಬನ್ನು ನಿಂತ ಜಾಗದಿಂದ ಕದಲಲಿಲ್ಲ. ಮೇಲಿನಿಂದ ಬಿದ್ದ ಬಾಲನ್ನು ಅವಳ ದೊಡ್ಡ ಅಂಗೈಗಳು ಬಿಡಲಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ಮಾಸ್ಟರ್ ಎದೆ ಉಬ್ಬಿಸಿಕೊಂಡೇ ಕೂತಿದ್ದ. ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅವನ ಮುಖ ಸಪ್ಪಗಾಯಿತು.

"ಬೇಜಾರು ಯಾಕೆ?" ಡಾಕ್ಟರಮ್ಮ ನಕ್ಕಳು. "ಎತ್ತರ ಬೆಳೆದಿದಾಳೆ, ತೂಕ ಏರೋದು ನಿಂತಿದೆ. ಸಕ್ಕರೆ ಇಳಿದಿದೆ. ಮಕ್ಕಳಲ್ಲಿ ಹೀಗೇ ನಿಧಾನವಾಗಿ ಆಗ್ಬೇಕು. ಏನು ಮಾಡಿದ್ರಿ?"

ಮಾಸ್ಟರ್ ಹೆಂಡತಿಯ ಕಡೆ ನೋಡಲಿಲ್ಲ, ತಡಕಾಡಲೂ ಇಲ್ಲ. ಮಗಳು ಎಷ್ಟು ಹೊತ್ತಿಗೆ ಬರುತ್ತಾಳೆ, ಏನು ತಿನ್ನುತ್ತಾಳೆ, ಯಾವ ಗೆಳತಿಯ ಜೊತೆ ಈಗ ಮಾತು ಬಿಟ್ಟಿದ್ದಾಳೆ, ಎಡಗೈಯಲ್ಲಿ ಎಸೆದ ಬಾಲ್ ಯಾಕೆ ಹೊರಗೆ ಹೋಗುತ್ತದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು.

ಪಕ್ಕದ ಸ್ಕೂಲಿನವರ ಜೊತೆ ಪಂದ್ಯ ಗೊತ್ತಾದಾಗ ಬನ್ನು ತಂಡದಲ್ಲಿದ್ದಳು. ಅವಳ ಅಳತೆಯ ಅಂಗಿ ಸಿಗದೆ ಪಿ.ಟಿ. ಮಿಸ್ ತನ್ನದೇ ಟೀ ಶರ್ಟಿನ ಬೆನ್ನಿಗೆ ನಂಬರ್ ಹೊಲಿದು ಕೊಟ್ಟಿದ್ದಳು. ಡ್ರೈವರಮ್ಮ ಸಮವಸ್ತ್ರದಲ್ಲೇ ಡಿಪೋದಿಂದ ನೇರ ಬಂದಳು. ಕೆಳಮನೆಯ ತಾತ ಕೊಡೆ ಊರಿಕೊಂಡು ಮುಂದಿನ ಸಾಲು ಹಿಡಿದಿದ್ದ.

ಎದುರು ತಂಡದವರು ಚುರುಕಾಗಿದ್ದರು. ಬನ್ನು ಓಟದಲ್ಲಿ ಹಿಂದೆ ಬೀಳುತ್ತಿದ್ದಳು, ಒಮ್ಮೆ ಮುಗ್ಗರಿಸಿ ಮೊಣಕಾಲು ತರಚಿಕೊಂಡಳು. ಮಿಸ್ ಅವಳನ್ನು ಹೊರಗೆ ಕರೆಯಲು ಕೈ ಎತ್ತಿದಾಗ ಅವಳು ಬೇಡವೆಂದು ತಲೆಯಾಡಿಸಿ, ಮೊಣಕಾಲಿಗೆ ಎಂಜಲು ಹಚ್ಚಿಕೊಂಡು ಬಾಸ್ಕೆಟ್ಟಿನ ಕೆಳಗೆ ಹೋಗಿ ಕಾಲೂರಿ ನಿಂತಳು. ಆಮೇಲೆ ಬಾಲ್ ಅವಳನ್ನು ದಾಟಿ ಹೋಗುವುದೇ ಕಷ್ಟವಾಯಿತು. ಕೊನೆಗೆ ಅವಳ ತಂಡ ಒಂದೇ ಬಾಸ್ಕೆಟ್ಟಿನಲ್ಲಿ ಸೋತಿತು. ಆದರೂ ಗೆಳತಿಯರು ಅವಳನ್ನು ಸುತ್ತುವರಿದು, ಬೆನ್ನು ತಟ್ಟಿ, ಕೂದಲು ಕೆದರಿ ಗಲಾಟೆ ಎಬ್ಬಿಸಿದರು.

ಮಾಸ್ಟರ್‌ನ ಪಕ್ಕದಲ್ಲಿ ನಿಂತಿದ್ದವನು ಎದುರು ಸ್ಕೂಲಿನ ಯಾವುದೋ ಮಗುವಿನ ಅಪ್ಪ. "ಅಬ್ಬಾ, ಆ ಹುಡುಗಿ ಯಾರ್ರೀ? ಇನ್ನು ಸ್ವಲ್ಪ ಹೊತ್ತು ಆಟ ಇದ್ದಿದ್ರೆ ನಮ್ಮವರನ್ನ ಸೋಲಿಸೇ ಬಿಡ್ತಿದ್ಲು" ಎಂದ.

ಮಾಸ್ಟರ್ ಉತ್ತರ ಕೊಡಬೇಕೆಂದು ಬಾಯಿ ತೆರೆದ. ಅವನಿಗಿಂತ ಹೆಂಡತಿ ಮುಂದಾದಳು.

"ನಮ್ಮ ಮಗಳು" ಎಂದಳು ಡ್ರೈವರಮ್ಮ.

ಅಷ್ಟರಲ್ಲಿ ಬನ್ನು ಬೆವರು ಸುರಿಸುತ್ತ ಬಂದು ಇಬ್ಬರ ನಡುವೆ ನುಗ್ಗಿದಳು. "ಅಪ್ಪ, ನಾಳೆಯಿಂದ ಬೆಳಗ್ಗೇನೂ ಪ್ರಾಕ್ಟೀಸ್ ಇಟ್ಕೊಳ್ಳೋಣ ಅಂತ ನಾನೇ ಮಿಸ್‌ಗೆ ಹೇಳಿದೆ. ಮುಂದಿನ ಸಲ ಅವರನ್ನ ಬಿಡಲ್ಲ" ಎಂದು ಹೇಳಿ, ಅವರು ಏನು ಹೇಳುತ್ತಾರೆಂದು ಕೇಳಲೂ ನಿಲ್ಲದೆ ಗೆಳತಿಯರ ಕಡೆಗೆ ಓಡಿಬಿಟ್ಟಳು.